ಹಳೆಯ ವಾಡೆ ಬಿಲ್ಡರ್ ಪಾಲಾಗದಂತೆ ಉಳಿಸಿಕೊಳ್ಳುವುದು ಹೇಗೆ?

ಬೀದರ್ ಮತ್ತು ಕಲಬುರಗಿಯ ಹಳೆಯ ಓಣಿಗಳಲ್ಲಿ ಕಲ್ಲು–ಗಚ್ಚಿನ (ಸುಣ್ಣದ ಗಾರೆಯ) ವಾಡೆಗಳು, ಅಂದರೆ ಹಳೆಯ ದೊಡ್ಡ ಮನೆಗಳು, ಕೈತಪ್ಪಿದ ಬಗೆಯನ್ನು ವಿಚಾರಿಸಿದರೆ, ಜೆಸಿಬಿ ಬರುವ ಎಷ್ಟೋ ಮೊದಲೇ ಪಾಲುದಾರರಲ್ಲಿ ಒಬ್ಬರು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಸಹಿ ಹಾಕಿರುವುದು ತಿಳಿದುಬರುತ್ತದೆ.

ಮೊದಲು ಖಾತಾ, ಋಣಭಾರ ಪ್ರಮಾಣಪತ್ರ ಮತ್ತು ನಿಜಾಮರ ಕಾಲದ ಉರ್ದು ದಸ್ತಾವೇಜುಗಳಿದ್ದರೆ ಅವುಗಳ ಅನುವಾದವನ್ನು ಒಂದೆಡೆ ಸೇರಿಸಿ.

ಎರಡನೆಯದು ಪಾಲಿನ ಪ್ರಶ್ನೆ. ಹೆಚ್ಚಿನವರು ಎಡವುವುದು ಇಲ್ಲಿಯೇ. ಹಿಂದೂ ಕುಟುಂಬವಾದರೆ ಪಿತ್ರಾರ್ಜಿತ ಆಸ್ತಿಯಲ್ಲಿ 2005ರ ತಿದ್ದುಪಡಿಯಂತೆ ಹೆಣ್ಣುಮಕ್ಕಳಿಗೂ ಸಮಪಾಲಿದೆ. ಮದುವೆಯಾಗಿ ಹೋದ ಅಕ್ಕ–ತಂಗಿಯರನ್ನು ಬಿಟ್ಟು ಮಾಡಿಕೊಂಡ ಒಪ್ಪಂದ ನಾಳೆ ನ್ಯಾಯಾಲಯದಲ್ಲಿ ಮುರಿದುಬೀಳುತ್ತದೆ. ಬಾಂಡ್ ಪೇಪರಿನ ಮೇಲೆ ಬರೆಸಿ ನೋಟರಿ ಮಾಡಿಸಿದರೆ ಸಾಕೆಂಬ ಸಲಹೆಯನ್ನು ಖಂಡಿತ ನಂಬಬೇಡಿ. ಪಾಲುದಾರರೊಬ್ಬರು ತಮ್ಮ ಪಾಲನ್ನು ಉಳಿದವರಿಗೆ ಬಿಟ್ಟುಕೊಡುವ ಹಕ್ಕುಬಿಡುಗಡೆ ಪತ್ರ ನೋಂದಣಿಯಾಗಲೇಬೇಕು. ಒಬ್ಬ ಪಾಲುದಾರ ಆಗಲೇ ಹೊರಗಿನವರಿಗೆ ಮಾರಿದ್ದರೂ ಎದೆಗುಂದಬೇಕಿಲ್ಲ. ಅವಿಭಕ್ತ ಕುಟುಂಬದ ವಾಸದ ಮನೆಯಲ್ಲಿ ಪಾಲು ಕೊಂಡ ಹೊರಗಿನವರಿಗೆ ಸ್ವತ್ತು ವರ್ಗಾವಣೆ ಕಾಯ್ದೆಯ 44ನೇ ಕಲಂ ಪ್ರಕಾರ ಜಂಟಿ ಸ್ವಾಧೀನದ ಹಕ್ಕಿಲ್ಲ. ಅವರೇ ವಿಭಾಗದ ದಾವೆ (ಪಾಲು ಬೇರ್ಪಡಿಸಿ ಕೊಡಿಸಿ ಎಂಬ ಮೊಕದ್ದಮೆ) ಹೂಡಿದರೆ, 1893ರ ವಿಭಾಗ ಕಾಯ್ದೆಯ 4ನೇ ಕಲಂ ಅಡಿ ಆ ಪಾಲನ್ನು ನ್ಯಾಯಾಲಯ ನಿಗದಿಪಡಿಸಿದ ಬೆಲೆಗೆ ಕೊಂಡುಕೊಳ್ಳಲು ಮನೆಯವರು ಮುಂದೆ ಬರಬಹುದು. ಆದ್ದರಿಂದ ಸಿಟ್ಟಿನಲ್ಲಿ ತಾವೇ ವಿಭಾಗದ ದಾವೆಗೆ ಧಾವಿಸದೆ, ವಕೀಲರನ್ನು ಕಂಡು, ಕೊಂಡವರು ಒಂದು ಕೋಣೆಗೂ ಬೀಗ ಹಾಕದಂತೆ ಮೊದಲು ತಡೆಯಾಜ್ಞೆ ಕೇಳುವುದು ಒಳ್ಳೆಯದು.

ಮನೆಗೆ ನೂರು ವರ್ಷ ತುಂಬಿದ್ದು ಚಾರಿತ್ರಿಕ ಮಹತ್ವವಿದ್ದರೆ, ಅದನ್ನು ಸಂರಕ್ಷಿತವೆಂದು ಘೋಷಿಸುವಂತೆ ರಾಜ್ಯದ ಪುರಾತತ್ವ ಇಲಾಖೆಗೆ 1961ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ ಮನವಿ ಕೊಡಬಹುದು. ಬೀದರ್‌ನ ಗವಾನ್ ಮದರಸಾದಂತಹ ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡಕ್ಕೆ ನಿಷೇಧವಿದೆ, ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ಬಿಲ್ಡರ್ ಇದನ್ನು ಹೇಳುವುದಿಲ್ಲ. ಅಲ್ಲಿ ತಮ್ಮ ದುರಸ್ತಿಗೂ ಅನುಮತಿ ಪಡೆಯಬೇಕೆಂಬುದನ್ನು ಮರೆಯಬೇಡಿ.

‘ಶಿಥಿಲ ಕಟ್ಟಡ’ ಎಂಬ ನೋಟಿಸ್ ಬಂದರೆ ಸುಮ್ಮನಿರದೆ, ಗಚ್ಚಿನ ಕೆಲಸ ಬಲ್ಲ ಎಂಜಿನಿಯರರಿಂದ ವರದಿ ಬರೆಸಿ, ಗಡುವಿನೊಳಗೆ ಉತ್ತರ ಕೊಟ್ಟು ಸ್ವೀಕೃತಿ ಪಡೆಯಿರಿ. ಜಂತಿಯ ತುದಿ ಗೋಡೆಯೊಳಗೆ ಕೂರುವ ಜಾಗವನ್ನು ಹತ್ತಿರದಿಂದ ಫೋಟೊ ತೆಗೆಸಿ. ಕೊಳೆತ ಶುರುವಾಗುವುದು ಅಲ್ಲಿಂದ. ಅದನ್ನು ಮುಚ್ಚಲು ಸಿಮೆಂಟ್ ಗಿಲಾವು ಮಾಡಿಸುವುದು, ಮೇಲೆ ವಾಟರ್‌ಪ್ರೂಫ್ ಬಣ್ಣ ಬಳಿಸುವುದು ಎರಡೂ ಬೇಡ. ತೇವ ಗೋಡೆಯೊಳಗೇ ಉಳಿದು ಜಂತಿ ಇನ್ನೂ ಬೇಗ ಕೊಳೆಯುತ್ತದೆ, ಆಗ ಶಿಥಿಲವೆಂಬ ನೋಟಿಸಿಗೆ ತಾವೇ ಸಾಕ್ಷ್ಯ ಒದಗಿಸಿದಂತಾಗುತ್ತದೆ.