ಡೆಲ್ಫ್ ಬಿ2: ಎರಡನೇ ಸಲ ಪಾಸಾಗಿದ್ದು ಹೇಗೆ

ಡೆಲ್ಫ್ ಅಂದರೆ ಫ್ರೆಂಚ್ ಭಾಷೆಯ ಪರೀಕ್ಷೆ, ಬಿ2 ಅದರ ಒಂದು ಹಂತ. ಮೊದಲ ಸಲ ಬರೆದಾಗ ನನಗೆ ನೂರಕ್ಕೆ 55.5 ಬಂದಿತ್ತು. ಪಾಸಾಗಲು 50 ಸಾಕು. ಆದರೂ ಫೇಲ್. ಡೆಲ್ಫ್‌ನಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಅಂತ ನಾಲ್ಕು ಭಾಗ, ಒಂದೊಂದಕ್ಕೂ 25 ಅಂಕ, ಯಾವುದರಲ್ಲೂ 5ಕ್ಕಿಂತ ಕಡಿಮೆ ಬರಬಾರದು. ಕೇಳುವ ಭಾಗದಲ್ಲಿ ನನಗೆ ಬಂದದ್ದು 4. ಅದೊಂದನ್ನೇ ಮತ್ತೆ ಬರೆಯುತ್ತೇನೆ ಅಂದರೆ ಆಗಲ್ಲ, ನಾಲ್ಕನ್ನೂ ಬರೆಯಬೇಕು. ತುಂಬಾ ಬೇಜಾರಾಗಿತ್ತು.

ಅಲ್ಲಿಯವರೆಗೆ ನಾನು ವ್ಯಾಕರಣದ ಅಭ್ಯಾಸವನ್ನೇ ಜಾಸ್ತಿ ಮಾಡಿದ್ದೆ. ಆದರೆ ಪುಸ್ತಕದ ಫ್ರೆಂಚೇ ಬೇರೆ, ಬಾಯಿಂದ ಬರುವ ಫ್ರೆಂಚೇ ಬೇರೆ. ‘ಗೊತ್ತಿಲ್ಲ’ ಅನ್ನಲು ‘ಜ ನ ಸೆ ಪಾ’ ಅಂತ ಕಲಿತಿದ್ದೆ. ಮಾತಿನ ಓಟದಲ್ಲಿ ಅದು ‘ಶೆಪಾ’. ‘ಇದೆ’ ಅನ್ನುವ ‘ಇಲ್ ಇ ಆ’ ಬರೀ ‘ಯಾ’ ಆಗಿಬಿಡುತ್ತದೆ. 97 ಅನ್ನಲು ಅವರು ‘ನಾಲ್ಕು ಇಪ್ಪತ್ತು ಹತ್ತು ಏಳು’ ಅನ್ನುತ್ತಾರೆ. ನಾನು ಅದನ್ನು ಕೂಡಿಸಿಕೊಳ್ಳುವಷ್ಟರಲ್ಲಿ ಮುಂದಿನ ಎರಡು ವಾಕ್ಯ ಹೋಗಿರುತ್ತಿತ್ತು.

ಹಾಗಾಗಿ ಎರಡನೇ ಸಲಕ್ಕೆ ಉಕ್ತಲೇಖನ ಶುರು ಮಾಡಿದೆ. ಫ್ರಾನ್ಸ್‌ನ ಆರ್‌ಎಫ್‌ಐ ರೇಡಿಯೋದಲ್ಲಿ ಸುಲಭ ಫ್ರೆಂಚ್‌ನ ಹತ್ತು ನಿಮಿಷದ ಸುದ್ದಿ ಬರುತ್ತದೆ, ಅದರ ಪಠ್ಯವೂ ಸಿಗುತ್ತದೆ. ಹತ್ತೂ ನಿಮಿಷ ಬೇಡ, ಒಂದೇ ನಿಮಿಷ ತೆಗೆದುಕೊಂಡು, ನಿಲ್ಲಿಸಿ ನಿಲ್ಲಿಸಿ ಕಿವಿಗೆ ಬಿದ್ದದ್ದನ್ನೆಲ್ಲ ಬರೆದು, ಮೂರು ಸಲ ಕೇಳಿದ ಮೇಲೆ ಪಠ್ಯದ ಪಕ್ಕ ಇಟ್ಟು ಕೆಂಪು ಪೆನ್ನಿನಲ್ಲಿ ತಿದ್ದುತ್ತಿದ್ದೆ. ಆ ಒಂದು ನಿಮಿಷಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ತಪ್ಪುಗಳನ್ನು ಎರಡು ಕಡೆ ಬರೆದಿಟ್ಟೆ: ಗೊತ್ತೇ ಇಲ್ಲದ ಪದಗಳು ಒಂದು ಕಡೆ, ಗೊತ್ತಿದ್ದೂ ಕೇಳಿಸದ ಪದಗಳು ಇನ್ನೊಂದು ಕಡೆ. ಎರಡನೆಯ ಪಟ್ಟಿಯೇ ಉದ್ದವಾಗುತ್ತಾ ಹೋಯಿತು. ಆಗ ನನಗೆ ಅರ್ಥವಾಯಿತು, ಇನ್ನಷ್ಟು ಪದ ಬಾಯಿಪಾಠ ಮಾಡಿ ಪ್ರಯೋಜನವಿಲ್ಲ, ಕಿವಿಯನ್ನೇ ಪಳಗಿಸಬೇಕು. ತಿದ್ದಿದ ಮೇಲೆ ಅದೇ ನಿಮಿಷವನ್ನು ಅವರ ವೇಗದಲ್ಲೇ ಜೊತೆಜೊತೆಗೆ ಹೇಳುತ್ತಿದ್ದೆ. ನಮ್ಮ ಬಾಯಿಗೆ ‘ಶೆಪಾ’ ಬಂದರೆ ಮಾತ್ರ ಕಿವಿಗೂ ಅದು ಸಿಗುತ್ತದೆ. ಎರಡು ತಿಂಗಳು ಏನೂ ಬದಲಾದಂತೆ ಕಾಣಲಿಲ್ಲ, ದಯವಿಟ್ಟು ಅಲ್ಲಿ ಬಿಟ್ಟುಬಿಡಬೇಡಿ. ಆರನೇ ತಿಂಗಳಲ್ಲಿ ಪರೀಕ್ಷೆ ಬರೆದೆ, ಆ ಭಾಗಕ್ಕೆ 14 ಬಂತು.

ಇನ್ನೊಂದು ವಿಷಯ. ಕೇಳುವ ಭಾಗದಲ್ಲಿ ಕೆಲವು ಧ್ವನಿಮುದ್ರಣಗಳನ್ನು ಒಂದೇ ಸಲ ಕೇಳಿಸುತ್ತಾರೆ. ಶುರುವಾಗುವ ಮೊದಲು ಪ್ರಶ್ನೆ ಓದಲು ಕೊಡುವ ಸಮಯವನ್ನು ಸುಮ್ನೆ ಕಳೆಯಬೇಡಿ.

ಓದುವ ಭಾಗ ನನಗೆ ಕಷ್ಟ ಅನಿಸಲಿಲ್ಲ. ಬರೆಯುವುದಕ್ಕೆ ಒಂದು ಗಂಟೆ, ಕನಿಷ್ಠ 250 ಪದ. ಎರಡು ಖಾಲಿ ಜಾಗಗಳ ನಡುವೆ ಇರುವುದೆಲ್ಲ ಒಂದು ಪದ, ಹಾಗಾಗಿ ‘ಅಂದರೆ’ ಅನ್ನುವ ಅರ್ಥದ ‘ಸೆತಾದೀರ್’ ಥರ ಗೆರೆಗಳಿಂದ ಜೋಡಿಸಿದ ಪದವೂ ಒಂದೇ. ಹತ್ತು ನಿಮಿಷ ಯೋಚನೆಗೆ, ನಲವತ್ತು ಬರೆಯಲು, ಕೊನೆಯ ಹತ್ತು ಬರೀ ತಿದ್ದಲು ಇಟ್ಟುಕೊಂಡೆ. ಆ ಹತ್ತರಲ್ಲಿ ಲಿಂಗ, ವಚನ ಹೊಂದುತ್ತವೆಯೇ ಅಂತ ಮಾತ್ರ ನೋಡುತ್ತಿದ್ದೆ, ಯಾಕಂದ್ರೆ ನನ್ನ ತಪ್ಪುಗಳು ಅಲ್ಲೇ ಇರುತ್ತಿದ್ದವು.

ಮಾತಾಡುವ ಭಾಗದಲ್ಲಿ ಎರಡು ವಿಷಯದ ಚೀಟಿ ಎತ್ತಿ ಒಂದನ್ನು ಆರಿಸಿಕೊಳ್ಳಬೇಕು, ತಯಾರಿಗೆ ಅರ್ಧ ಗಂಟೆ. ಮೊದಲ ಸಲ ಪೂರ್ತಿ ವಾಕ್ಯಗಳನ್ನೇ ಬರೆಯುತ್ತಾ ಕೂತು ಅರ್ಧಕ್ಕೇ ನಿಂತೆ, ಆಮೇಲೆ ಹಾಳೆ ನೋಡಿ ಓದುವಂತಾಯಿತು. ಎರಡನೇ ಸಲ ಹನ್ನೆರಡು ಪದ ಮಾತ್ರ ಬರೆದುಕೊಂಡೆ. ಉಚ್ಚಾರಣೆಯಲ್ಲಿ ಕನ್ನಡ ಕೈ ಹಿಡಿಯುತ್ತದೆ: ಫ್ರೆಂಚ್‌ನದ್ದು ಟ, ಡ ಅಲ್ಲ, ನಮ್ಮ ತ, ದ. ಹೇಳಿ ಮುಗಿದ ಮೇಲೆ ಪರೀಕ್ಷಕರು ನಿಮ್ಮ ಅಭಿಪ್ರಾಯಕ್ಕೆ ಎದುರು ವಾದ ಹಾಕುತ್ತಾರೆ. ಅದು ಕೋಪವಲ್ಲ, ನೀವು ನಿಮ್ಮ ಮಾತನ್ನು ಹೇಗೆ ಸಮರ್ಥಿಸಿಕೊಳ್ಳುತ್ತೀರಿ ಅಂತ ನೋಡುವುದು. ನಾನು ‘ನೀವು ಹೇಳೋದು ನಿಜ, ಆದರೆ…’ ಅಂತ ಶುರು ಮಾಡಿ ನನ್ನ ಮಾತಿಗೇ ಅಂಟಿಕೊಂಡೆ. ವಾದ ಮುಗಿಯುವ ಹೊತ್ತಿಗೆ ಕೈಯಲ್ಲಿದ್ದ ಹಾಳೆಯನ್ನು ಒಮ್ಮೆಯೂ ನೋಡಿರಲಿಲ್ಲ.