ಮೆಣಸಿನಕಾಯಿ ಗಿಡದ ತುದಿ ಎಲೆ ಬಿಳುಚಿದಾಗ ಲೈಟ್ ಸರಿಮಾಡಿದ್ದು

ಮನೆಯೊಳಗೆ ಎಲ್‌ಇಡಿ ಗ್ರೋ ಲೈಟ್ ಕೆಳಗೆ ಬೆಳೆಸುತ್ತಿದ್ದ ಎಳೆ ಮೆಣಸಿನಕಾಯಿ ಗಿಡಗಳ ತುದಿ ಎಲೆಗಳು ಬಿಳುಚತೊಡಗಿದವು. ಅಂಚುಗಳು ಮೇಲಕ್ಕೆ ಮಡಚಿಕೊಂಡವು. ಗೊಬ್ಬರ ಸಾಲದು ಅನ್ನಿಸುವುದು ಸಹಜ ಅಲ್ವಾ? ಆದರೆ ಸಾರಜನಕ ಕಡಿಮೆಯಾದರೆ ಮೊದಲು ಹಳದಿಯಾಗುವುದು ಕೆಳಗಿನ ಹಳೆಯ ಎಲೆಗಳು. ಕಬ್ಬಿಣದ ಕೊರತೆಯಾದರೆ ಹೊಸ ಎಲೆ ಹಳದಿಯಾದರೂ ನರಗಳು ಹಸಿರಾಗೇ ಉಳಿಯುತ್ತವೆ. ಇಲ್ಲಿ ಲೈಟಿಗೆ ಹತ್ತಿರವಿದ್ದ ಎಲೆಗಳಷ್ಟೇ ಪೂರ್ತಿ ಬಿಳುಚಿದ್ದವು. ನನ್ನ ಅನುಮಾನ ಬೆಳಕಿನ ಮೇಲೆ ಹೋಯಿತು.

ಫೋನಿನ ಲಕ್ಸ್ ಆಪ್ ಹಿಡಿದು ಗಿಡದ ತುದಿಯ ಮಟ್ಟದಲ್ಲಿ ಅಳೆದೆ. ಲಕ್ಸ್ ಅನ್ನುವುದು ನಮ್ಮ ಕಣ್ಣಿನ ಲೆಕ್ಕ. ಗಿಡದ ಲೆಕ್ಕ ಪಿಪಿಎಫ್‌ಡಿ, ಅಂದರೆ ಒಂದು ಚದರ ಮೀಟರ್ ಮೇಲೆ ಸೆಕೆಂಡಿಗೆ ಬೀಳುವ, ಗಿಡ ಬಳಸಬಲ್ಲ ಬೆಳಕಿನ ಕಣಗಳು. ಇವನ್ನು ಮೈಕ್ರೋಮೋಲ್ ಲೆಕ್ಕದಲ್ಲಿ ಹೇಳುತ್ತಾರೆ. ಬಿಳಿ ಎಲ್‌ಇಡಿಯಾದರೆ ಲಕ್ಸನ್ನು ಸುಮಾರು 70ರಿಂದ ಭಾಗಿಸಿದರೆ ಅಂದಾಜು ಸಿಗುತ್ತದೆ. ನೇರಳೆ ಲೈಟಿಗೆ ಈ ಲೆಕ್ಕ ನಂಬಬೇಡಿ. ಹೀಗೆ ಭಾಗಿಸಿದಾಗ ನನಗೆ ಬಂದದ್ದು 900 ಮೈಕ್ರೋಮೋಲ್ ಹತ್ತಿರ. ಎಳೆ ಗಿಡಕ್ಕೆ 200ರಿಂದ 300 ಮೈಕ್ರೋಮೋಲ್ ಧಾರಾಳ ಸಾಕು.

ಡಿಮ್ಮರ್ ತಿರುಗಿಸಿ 300ಕ್ಕೆ ಇಳಿಸಿದೆ. ದಿನಕ್ಕೆ 16 ಗಂಟೆ ಉರಿಸಿದರೆ ಒಂದು ಚದರ ಮೀಟರಿಗೆ ದಿನದ ಒಟ್ಟು ಬೆಳಕು ಸುಮಾರು 17 ಮೋಲ್ ಆಗುತ್ತದೆ (ಒಂದು ಮೋಲ್ ಅಂದರೆ ಹತ್ತು ಲಕ್ಷ ಮೈಕ್ರೋಮೋಲ್). ಲೈಟನ್ನೂ ಸ್ವಲ್ಪ ಮೇಲೆ ಕಟ್ಟಿದೆ. ಇದರಿಂದ ಮೂಲೆಯ ಗಿಡಗಳಿಗೂ ಬೆಳಕು ಹೆಚ್ಚು ಸಮನಾಗಿ ಸಿಕ್ಕಿತು. ಬಿಳುಚಿದ ಎಲೆಗಳು ಮತ್ತೆ ಹಸಿರಾಗಲಿಲ್ಲ, ಅದಕ್ಕೆ ಸುಮ್ನೆ ಕಾಯಬೇಡಿ. ಹೊಸ ಚಿಗುರು ನೋಡಿ. ನನ್ನ ಗಿಡಗಳಲ್ಲಿ ಅದು ಅಗಲವಾಗಿ, ಕಡುಹಸಿರಾಗಿ ಬಂತು. ಆಮೇಲೆ ಬೆಳಕನ್ನು ಸ್ವಲ್ಪ ಸ್ವಲ್ಪವೇ ಏರಿಸಿದೆ. ಬೆಳಕು ತಗ್ಗಿಸಿದಾಗ ಮಣ್ಣು ನಿಧಾನ ಒಣಗುತ್ತದೆ, ನೀರನ್ನೂ ಕಡಿಮೆ ಮಾಡಿ.