ಎರೆ ಮಣ್ಣಿನ ಊರಲ್ಲಿ ಬಚ್ಚಲ ನೀರಿಗೆ ದಾರಿ

ಸಿಂಧನೂರು ಕಡೆಯ ನಮ್ಮೂರಲ್ಲಿ ಎಲ್ಲಾ ಎರೆ ಮಣ್ಣು. ಒದ್ದೆಯಾದರೆ ಉಬ್ಬಿ ಬಿಗಿಯಾಗುತ್ತದೆ, ನೀರು ಕೆಳಗಿಳಿಯುವುದೇ ಕಷ್ಟ. ಓಣಿಯ ಇಂಗುಗುಂಡಿ ತುಂಬಿ ಬಚ್ಚಲ ನೀರು ರಸ್ತೆಗೆ ಬರುತ್ತಿತ್ತು. ಗುಂಡಿ ಇನ್ನೂ ಆಳ ಮಾಡಿ ಅಂದವರೇ ಜಾಸ್ತಿ. ಆಳದಲ್ಲೂ ಅದೇ ಮಣ್ಣು ಅಲ್ವಾ?

ಗುಂಡಿ ಬಿಟ್ಟು ಚಿಕ್ಕ ತೊಟ್ಟಿ ಕಟ್ಟಿಸಿದೆವು. ಹೊರಹೋಗುವ ಪೈಪಿಗೆ ಇಂಗ್ಲಿಷಿನ T ಆಕಾರದ ಜೋಡಣೆ ಹಾಕಿ, ಅದರ ಕೆಳಗಿನ ಬಾಯಿ ನೀರೊಳಗೆ ಮುಳುಗುವಂತೆ ಇಟ್ಟೆವು. ಎಣ್ಣೆ ಜಿಡ್ಡು ಮೇಲೆ ತೇಲುತ್ತದೆ. ಅನ್ನದ ಅಗುಳು, ಬೂದಿ ತಳಕ್ಕೆ ಕೂರುತ್ತವೆ. ನಡುವಿನ ನೀರಷ್ಟೇ ಮುಂದೆ ಹೋಗುತ್ತದೆ. ಅಲ್ಲಿಂದ ಜಲ್ಲಿ ತುಂಬಿದ ಉದ್ದನೆಯ ಕಾಲುವೆ, ಅದರಲ್ಲಿ ಕ್ಯಾನಾ ಅನ್ನೋ ಹೂವಿನ ಗಿಡ. ನೀರು ಜಲ್ಲಿಯ ಕೆಳಗೇ ಹರಿಯುವುದರಿಂದ ಸೊಳ್ಳೆಗೆ ಮೊಟ್ಟೆ ಇಡಲು ಜಾಗವಿಲ್ಲ. ಉಳಿದದ್ದು ಬಾಳೆ ಬುಡಕ್ಕೆ.

ಕಕ್ಕಸು ನೀರನ್ನು ಮಾತ್ರ ಇದಕ್ಕೆ ಬಿಡಬೇಡಿ. ಜಿಡ್ಡು ತೆಗೆಯುವ ಪಾಳಿ ಯಾರದು ಅನ್ನೋ ಜಗಳ ಇನ್ನೂ ನಡೆದಿದೆ.